‘ಇಲ್ಲ’ ಅಂದರೆ ಇಲ್ಲ

ಸಂಶೋಧನಾ ಪ್ರಬಂಧದ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ‘ಲೇಖಕರಿಗೆ ಯಾವುದೇ ಹಿತಾಸಕ್ತಿ ಸಂಘರ್ಷವಿಲ್ಲ.’ ಅಂದರೆ, ಬರೆದದ್ದರ ಮೇಲೆ ಪ್ರಭಾವ ಬೀರುವಂಥ ದುಡ್ಡಿನ ನಂಟು ಯಾರ ಜೊತೆಗೂ ಇಲ್ಲ ಎಂದು. ಹೇಳುವವರೂ ಅವರೇ, ಸಾಕ್ಷಿಯೂ ಅವರೇ. ಅಂಕಿಅಂಶದಲ್ಲಿ ಒಂದು ಚುಕ್ಕೆ ಆಚೀಚೆ ಆದರೆ ವಿಮರ್ಶಕರು ಹಿಡಿದು ಜಗ್ಗುತ್ತಾರೆ. ಈ ಸಾಲಿಗೆ ಮಾತ್ರ ಆಧಾರ ಕೇಳುವವರಿಲ್ಲ.

ಇಂಥ ನಂಟುಗಳನ್ನು ಲೇಖಕರು ತುಂಬಿಕೊಡಲು ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಫಾರಂ ಒಂದಿದೆ. ಈ ಪ್ರಬಂಧದ ಹೊರಗೆ ಕಂಪನಿಗಳ ಜೊತೆ ನಡೆದ ಕೊಡುಕೊಳ್ಳುವಿಕೆಯಲ್ಲಿ ಹಿಂದಿನ 36 ತಿಂಗಳದ್ದು ಹೇಳಿದರೆ ಸಾಕು. ಉಂಡ ಮನೆಯ ಋಣ 37ನೇ ತಿಂಗಳಿಗೆ ತಾನಾಗೇ ತೀರುತ್ತದೆ.

1967ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಹಾರ್ವರ್ಡ್‌ನವರು ಬರೆದರು: ಹೃದ್ರೋಗಕ್ಕೆ ಕೊಬ್ಬು ಕಾರಣ, ಸಕ್ಕರೆಯದ್ದು ಅಷ್ಟೇನಿಲ್ಲ. ಸಕ್ಕರೆ ಉದ್ಯಮದವರ ಪ್ರತಿಷ್ಠಾನ ಅದಕ್ಕೆ 6,500 ಡಾಲರ್ ಕೊಟ್ಟದ್ದು ಬಯಲಾದದ್ದು 2016ರಲ್ಲಿ. ಬೈಯುವ ಹಾಗೂ ಇಲ್ಲ. ಆ ಜರ್ನಲ್ ಇಂಥದ್ದನ್ನು ಕೇಳಲು ಶುರು ಮಾಡಿದ್ದೇ 1984ರಲ್ಲಿ. ಕೇಳದೆ ಹೇಳಿಕೊಂಡರೆ ಜಂಬ ಅಲ್ವಾ?

ನನಗೆ ಜಾಸ್ತಿ ಇಷ್ಟವಾದದ್ದು ದಕ್ಷಿಣ ಕೊರಿಯಾದ ಒಬ್ಬ ಸಂಶೋಧಕರ ಕಥೆ. ‘ನಿಮ್ಮ ಪ್ರಬಂಧವನ್ನು ವಿಮರ್ಶೆಗೆ ಯಾರಿಗೆ ಕಳಿಸೋಣ, ನೀವೇ ಹೇಳಿ’ ಎನ್ನುವುದು ಎಷ್ಟೋ ಜರ್ನಲ್‌ಗಳ ಪದ್ಧತಿ. ಇವರು ಹೆಸರು ಕೊಟ್ಟರು, ಇಮೇಲ್ ವಿಳಾಸವನ್ನೂ ಕೊಟ್ಟರು. ಆ ಇಮೇಲ್ ಸುತ್ತಿ ಬಳಸಿ ಇವರ ಬಳಿಗೇ ಬರುತ್ತಿತ್ತು. ತಮ್ಮ ಪ್ರಬಂಧಕ್ಕೆ ತಮ್ಮದೇ ವಿಮರ್ಶೆ. ಸುಮ್ನೆ ಹೊಗಳಲಿಲ್ಲ, ಅಲ್ಲೊಂದು ಇಲ್ಲೊಂದು ತಿದ್ದುಪಡಿಯನ್ನೂ ಸೂಚಿಸಿದರು. ಎಂಥಾ ಶಿಸ್ತು! ಲೇಖಕರು ವಿನಯದಿಂದಲೇ ಒಪ್ಪಿಕೊಂಡಿರಬೇಕು. 2012ರಲ್ಲಿ ಸಿಕ್ಕಿಬಿದ್ದರು. ವಿಮರ್ಶೆ ಕೆಟ್ಟದಾಗಿತ್ತು ಅಂತಲ್ಲ, 24 ಗಂಟೆಯೊಳಗೆ ಬಂದುಬಿಡುತ್ತಿತ್ತು! ತಿಂಗಳುಗಟ್ಟಲೆ ಕಾಯಿಸುವ ಲೋಕದಲ್ಲಿ ಅನುಮಾನಕ್ಕೆ ಇನ್ನೇನು ಬೇಕು? ಪ್ರತಿ ಸಲ ಎರಡು ವಾರ ಮಲಗಿದ್ದರೆ ಇವತ್ತಿಗೂ ಗೌರವಾನ್ವಿತ ವಿಮರ್ಶಕರಾಗಿ ಉಳಿಯುತ್ತಿದ್ದರೇನೋ.

ಇನ್ನು ಫಾರಂ ತುಂಬಿಸಿಕೊಳ್ಳುವ ಕಡೆಯವರು. 2000ದಿಂದ 2005ರ ನಡುವೆ, ಜರ್ನಲ್‌ಗಳನ್ನು ಪ್ರಕಟಿಸುವ ಎಲ್ಸೆವಿಯರ್ ಸಂಸ್ಥೆಯ ಆಸ್ಟ್ರೇಲಿಯಾ ಕಚೇರಿ ಔಷಧ ಕಂಪನಿಗಳ ದುಡ್ಡಿನಲ್ಲಿ ಆರು ಪತ್ರಿಕೆ ಹೊರತಂದಿತು. ನೋಡಲು ಥೇಟ್ ಜರ್ನಲ್. ಮೂಳೆ, ಕೀಲುಗಳ ಬಗೆಗಿನ ಒಂದಕ್ಕೆ ದುಡ್ಡು ಮರ್ಕ್ ಕಂಪನಿಯದು. ಒಳಗಿನ ಲೇಖನಗಳಿಗೆ ಮರ್ಕ್ ಔಷಧಗಳ ಮೇಲೆ ಅಪಾರ ಪ್ರೀತಿ. ಸಂಪಾದಕ ಮಂಡಳಿ ಇತ್ತು, ವೈದ್ಯರ ಹೆಸರುಗಳಿದ್ದವು. ದುಡ್ಡು ಯಾರದು ಎಂಬ ಆ ಒಂದು ಸಾಲು ಮಾತ್ರ ಇರಲಿಲ್ಲ. ಪ್ರಕಾಶಕರು ತುಂಬಿಕೊಡುವ ಫಾರಂ ನಾನಂತೂ ನೋಡಿಲ್ಲ. ಅಚ್ಚು ಹಾಕಿಸಬೇಕಾದವರೂ ಅವರೇ ತಾನೆ.