ಮ್ಯೂಸಿಯಂ ಬಾಗಿಲಲ್ಲಿ ತಡಿಯಂಡಮೋಳ್

ರ‍್ಯಾಂಪ್ ಉದ್ಘಾಟನೆಯ ಫೋಟೊ ನಿಮ್ಮ ವಾಟ್ಸ್ಆ್ಯಪ್‌ಗೂ ಬಂದಿರುತ್ತದೆ. ಮ್ಯೂಸಿಯಂ ಬಾಗಿಲಿಗೆ ಗಾಲಿಕುರ್ಚಿ ಹತ್ತಲೆಂದು ಕಟ್ಟಿದ ಇಳಿಜಾರು ಅದು. ಯಾವ ಮ್ಯೂಸಿಯಂ ಅಂತ ಹೇಳುವುದಿಲ್ಲ, ಕೊಡಗು ಜಿಲ್ಲೆಗೆಲ್ಲ ಗೊತ್ತಿದೆ. ರಿಬ್ಬನ್ ಕಟ್ಟಿದ್ದು ರ‍್ಯಾಂಪಿನ ಮೇಲ್ತುದಿಗೆ. ಗಣ್ಯರೆಲ್ಲ ಅಲ್ಲಿ ನಿಂತು ನಗುತ್ತಿದ್ದಾರೆ. ಅಲ್ಲಿಗೆ ಹೋಗಿದ್ದು ಮಾತ್ರ ಪಕ್ಕದ ಮೆಟ್ಟಿಲು ಹತ್ತಿ. ಕೆಳಗೆ ಒಂದು ಗಾಲಿಕುರ್ಚಿ, ಅದಕ್ಕೆ ಚೆಂಡು ಹೂವಿನ ಹಾರ. ಕುರ್ಚಿಯಲ್ಲಿ ಯಾರೂ ಇಲ್ಲ. ಯಾರಾದರೂ ಕೂತಿದ್ದರೆ ಅವರನ್ನು ಮೇಲೆ ಹತ್ತಿಸಬೇಕಿತ್ತು. ಆಮೇಲೆ ಕಾರ್ಯಕ್ರಮ ಲೇಟಾಗುತ್ತಿತ್ತು, ಅಲ್ವಾ?

ರ‍್ಯಾಂಪ್ ಬಗ್ಗೆ ನನಗೆ ನಿಜಕ್ಕೂ ಗೌರವ ಇದೆ. ಬಾಗಿಲಿಗೆ ಮೂರು ಮೆಟ್ಟಿಲು, ಹೆಚ್ಚುಕಡಿಮೆ ಒಂದೂವರೆ ಅಡಿ ಎತ್ತರ. ಒಂದು ಅಡಿ ಏರಲು 12 ಅಡಿ ಉದ್ದ ಬೇಕು ಅನ್ನುತ್ತದೆ ನಿಯಮ. ಲೆಕ್ಕ ಹಾಕಿದರೆ 18 ಅಡಿ. ನಮ್ಮವರು ನಾಲ್ಕೇ ಅಡಿಯಲ್ಲಿ ಮುಗಿಸಿಬಿಟ್ಟಿದ್ದಾರೆ. ಸಿಮೆಂಟ್ ಎಷ್ಟು ಉಳಿಯಿತು ನೋಡಿ. ನಮ್ಮ ಜಿಲ್ಲೆಯ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್ ಹತ್ತಲು ಬರುವ ಬೆಂಗಳೂರು ಹುಡುಗರು ಹಿಂದಿನ ದಿನ ಇಲ್ಲೇ ಅಭ್ಯಾಸ ಮಾಡಬಹುದು. ಮೇಲೆ ಪಾಲಿಶ್ ಮಾಡಿದ ಗ್ರಾನೈಟ್ ಬೇರೆ. ಕಕ್ಕಡ ತಿಂಗಳ ಜಡಿಮಳೆಗೆ ಅದರ ಮೇಲೆ ಪಾಚಿ ಹಿಡಿಯಲಿ, ಆಗ ಹತ್ತುವುದು ಆಗದಿದ್ದರೂ ಇಳಿಯುವುದು ಬಹಳ ಸಲೀಸು.

ಉದ್ದ ಮಾಡಬಹುದಿತ್ತಲ್ಲ ಅಂದರೆ, "ಪಾರಂಪರಿಕ ಕಟ್ಟಡ ಸಾರ್, ಒಂದು ಕಲ್ಲು ಮುಟ್ಟೋ ಹಾಗಿಲ್ಲ" ಅನ್ನುತ್ತಾರೆ. ಸರಿ. ಅದೇ ಪಾರಂಪರಿಕ ಗೋಡೆಗೆ ಡ್ರಿಲ್ ಹೊಡೆದು ಎಸಿ ಕೂರಿಸಿದ್ದಾರೆ. ಸಿಸಿಟಿವಿ ಹಾಕಿದ್ದಾರೆ. ಉದ್ಘಾಟಕರ ಹೆಸರಿನ ಕಲ್ಲನ್ನೂ ಅಲ್ಲೇ ನೆಟ್ಟಿದ್ದಾರೆ. ಪರಂಪರೆಗೆ ನೋವಾಗುವುದು ಗಾಲಿಕುರ್ಚಿ ಕಂಡಾಗ ಮಾತ್ರ. ಈ ಜಿಲ್ಲೆಯಲ್ಲಿ ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಬಂದೂಕು ಇಟ್ಟುಕೊಳ್ಳಲು ಲೈಸೆನ್ಸ್ ವಿನಾಯಿತಿ ಇದೆ. ಬಾಗಿಲಿಗೆ ಒಂದು ಹಲಗೆ ಇಡಲು ಮಾತ್ರ ಮೂರು ಇಲಾಖೆಯ ಒಪ್ಪಿಗೆ ಬೇಕಂತೆ. ಹಲಗೆ ಇಟ್ಟು ಕಾಫಿ ಚೀಲಗಳನ್ನು ಲಾರಿಗೆ ಏರಿಸುವ ಊರು ಇದು ಸ್ವಾಮಿ!

ಇನ್ನೂ ತಮಾಷೆ ಅಂದರೆ ಒಳಗಿರುವ ಫಿರಂಗಿ. ಅದಕ್ಕೂ ಎರಡು ಗಾಲಿ. ಹಲಗೆ ಹಾಕಿ, ಹತ್ತು ಜನ ಸೇರಿ, ಜೈಕಾರ ಕೂಗಿ ಒಳಗೆ ತಳ್ಳಿದ್ದರು. ಅಂದರೆ ಗಾಲಿ ಇರುವುದು ಒಳಗೆ ಬರಬಹುದು. ತೂಕ ಒಂದಷ್ಟು ಕ್ವಿಂಟಲ್ ಇರಬೇಕು, ಜೀವ ಇರಬಾರದು, ಅಷ್ಟೇ.

ಕಣ್ಣು ಕಾಣದವರನ್ನೂ ಮರೆತಿಲ್ಲ. ಅವರಿಗಾಗಿ ಬ್ರೈಲ್ ಬೋರ್ಡ್ ಹಾಕಿಸಿದ್ದಾರೆ, ಫ್ಲೆಕ್ಸ್ ಮೇಲೆ. ಚುಕ್ಕೆಗಳೆಲ್ಲ ಅಚ್ಚುಕಟ್ಟಾಗಿ ಪ್ರಿಂಟ್ ಆಗಿವೆ. ಕೈ ಆಡಿಸಿದರೆ ನುಣ್ಣಗಿದೆ. ಪಕ್ಕದಲ್ಲೇ ಇನ್ನೊಂದು ಬೋರ್ಡ್: "ಮುಟ್ಟಬೇಡಿ". ದೆಹಲಿಯ ನ್ಯಾಷನಲ್ ಮ್ಯೂಸಿಯಂನಲ್ಲಿ 'ಅನುಭವ್' ಅಂತ ಒಂದು ಗ್ಯಾಲರಿಯನ್ನೇ ಮಾಡಿದ್ದಾರೆ. ಅಲ್ಲಿ ಪ್ರತಿಕೃತಿಗಳನ್ನು ಮುಟ್ಟಿ ನೋಡಬಹುದು. ನಮ್ಮಲ್ಲಿ ಅಷ್ಟೂ ಬೇಡ. ಕೊಡವರು ಸೊಂಟಕ್ಕೆ ಸಿಕ್ಕಿಸುವ ಒಂದು ಹೊಸ ಪೀಚೆಕತ್ತಿ, ಮೊಂಡು ಮಾಡಿದ ಒಂದು ಒಡಿಕತ್ತಿ (ಅಗಲ ಅಲಗಿನ ಬಾಗಿದ ಕತ್ತಿ), ಒಂದು ದುಡಿ (ಸಣ್ಣ ಡೋಲು) ಮೇಜಿನ ಮೇಲೆ ಇಟ್ಟರೆ ಸಾಕು. ಮಕ್ಕಳೂ ಬಂದು ದುಡಿ ಬಡಿಯುತ್ತಾರೆ, ಬಡಿಯಲಿ. ಈಗಿರುವ ದುಡಿ ಗಾಜಿನೊಳಗಿದೆ. ಅದನ್ನು ಕಣ್ಣಿದ್ದವರು ನೋಡಬೇಕು, ಕೇಳುವಂತಿಲ್ಲ.

ಕಾನೂನು ಇಲ್ಲವಾ? ಬೇಕಾದಷ್ಟಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ನಿಯಮಗಳು ಬಂದ ಮೇಲೆ ಐದು ವರ್ಷದೊಳಗೆ ಸಾರ್ವಜನಿಕ ಕಟ್ಟಡಗಳೆಲ್ಲ ಸರಿಯಾಗಬೇಕಿತ್ತು. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಐದು ವರ್ಷ ಮುಗಿದೇ ಎಷ್ಟೋ ಕಾಲವಾಯಿತು. 2005ರಲ್ಲಿ ಹಾಕಿದ ಒಂದು ಅರ್ಜಿಯ ಮೇಲೆ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಸಲಹೆ ಕೊಟ್ಟಿದ್ದು ಸಾಕು, ಮೂರು ತಿಂಗಳಲ್ಲಿ ಕಡ್ಡಾಯ ನಿಯಮ ಮಾಡಿ ಎಂದು ಕೇಂದ್ರ ಸರ್ಕಾರಕ್ಕೆ ಹೇಳಬೇಕಾಯಿತು. ಮೊದಲ ತಪ್ಪಿಗೆ ದಂಡ ಹೆಚ್ಚೆಂದರೆ 10,000 ರೂಪಾಯಿ. ಉದ್ಘಾಟನೆಯ ಶಾಮಿಯಾನದ ಬಿಲ್ ಮುಂದೆ ಅದು ಯಾವ ಲೆಕ್ಕ!

ಮೊನ್ನೆ ನಾನು ಹೋದಾಗ ಒಬ್ಬ ಮಾಜಿ ಸೈನಿಕರು ಬಂದಿದ್ದರು. ಒಂದು ಕಾಲಿಲ್ಲ. ಮಗಳು ಕುರ್ಚಿ ತಳ್ಳುತ್ತಿದ್ದರು. ರ‍್ಯಾಂಪಿನ ಅರ್ಧಕ್ಕೆ ಕುರ್ಚಿ ಹಿಂದೆ ಜಾರಿತು. ಗಾರ್ಡ್ ಓಡಿ ಬಂದು, "ಅಂಕಲ್, ನಾವು ನಾಲ್ಕು ಜನ ಸೇರಿ ಎತ್ತಿ ಬಿಡ್ತೀವಿ, ಯೋಚನೆ ಮಾಡಬೇಡಿ" ಅಂದ. ಪಾಪ, ಅವನದೇನೂ ತಪ್ಪಿಲ್ಲ. ಅವರು "ಬೇಡಪ್ಪ" ಅಂದು, "ನೀನು ನೋಡಿ ಬಾ" ಅಂತ ಮಗಳನ್ನು ಕಳಿಸಿ ಹೊರಗೇ ಕೂತರು.

ನನಗೆ ಇಲ್ಲಿ ತಮಾಷೆ ಮಾಡಲು ಆಗುತ್ತಿಲ್ಲ. ಕಾರ್ಯಪ್ಪ, ತಿಮ್ಮಯ್ಯ ಅಂತ ವರ್ಷವಿಡೀ ಭಾಷಣ ಮಾಡುವ ಜಿಲ್ಲೆ ಇದು. ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಯೂನಿಫಾರ್ಮ್, ಮೆಡಲ್, ಬೂಟು. ಅಂಥದೇ ಬೂಟು ಹಾಕಿಕೊಂಡು ಹೋಗಿ ಕಾಲು ಕಳೆದುಕೊಂಡ ಮನುಷ್ಯ ಹೊರಗೆ. ಅವರನ್ನು ಗೋಣಿಚೀಲದ ಹಾಗೆ ಎತ್ತಿ ಒಳಗೆ ಇಡುವುದನ್ನು ಸೌಲಭ್ಯ ಅಂತ ಕರೆಯಬೇಡಿ. ಟಿಕೆಟ್ ದುಡ್ಡನ್ನು ಅವರಿಂದಲೂ ಪೂರ್ತಿ ತೆಗೆದುಕೊಂಡಿದ್ದೀರಿ.

ಜಾಗ ಇಲ್ಲ ಅನ್ನುವುದನ್ನೂ ಬಿಡಿ. ಬಾಗಿಲ ಎಡಕ್ಕೆ ಟೇಪ್ ಹಿಡಿದು ನೋಡಿ, 18 ಅಡಿ ಆರಾಮಾಗಿ ಸಿಗುತ್ತದೆ. ಈಗ ಅಲ್ಲಿ ಸಾಹೇಬರ ಜೀಪು ನಿಲ್ಲುತ್ತದೆ. ಅದನ್ನು ಗೇಟಿನ ಹೊರಗೆ ನಿಲ್ಲಿಸಿ. ಸಾಹೇಬರಿಗೆ ಎರಡೂ ಕಾಲು ಚೆನ್ನಾಗಿವೆ, ನಡೆದು ಬರಲಿ.