ರ್‍ಯಾಪಿಡ್ ಟೆಸ್ಟ್ ನೆಗೆಟಿವ್ ಬಂದರೆ ಸಾಕೇ?

ಜ್ವರ, ಕೆಮ್ಮು ಎಂದು ಬಂದವರಿಗೆ ಕೋವಿಡ್, ಫ್ಲೂ ಇದೆಯೇ ಎಂದು ತಾಲ್ಲೂಕು ಆಸ್ಪತ್ರೆಯಲ್ಲೇ ರ್‍ಯಾಪಿಡ್ ಕಿಟ್‌ನಲ್ಲಿ ನೋಡಿ ಮುಗಿಸಬಹುದೇ? ಇಲ್ಲ, ಸ್ವಾಬ್ (ಮೂಗು, ಗಂಟಲಿಗೆ ಕಡ್ಡಿ ಹಾಕಿ ತೆಗೆದ ಸ್ಯಾಂಪಲ್) ವೈರಸ್ಸಿನ ಜೀನ್ ಹುಡುಕುವ ಲ್ಯಾಬ್ ಪರೀಕ್ಷೆಯಾದ ಆರ್‌ಟಿ-ಪಿಸಿಆರ್‌ಗೆ ಹೋಗಲೇಬೇಕೇ? ಎರಡೂ ಕಡೆಯ ವಾದ ಕೆಳಗಿದೆ. ನನ್ನ ಒಲವು ಯಾವ ಕಡೆಗೆ ಎಂಬುದನ್ನು ಬಚ್ಚಿಡಲು ಹೋಗಿಲ್ಲ.

ಪರ: ಸಾಕು

ಕಳಸದಲ್ಲಿ ತೆಗೆದ ಸ್ವಾಬ್ ಕೊಟ್ಟಿಗೆಹಾರ, ಮೂಡಿಗೆರೆ ದಾಟಿ ಚಿಕ್ಕಮಗಳೂರು ಮುಟ್ಟಬೇಕು. ಮಳೆಗಾಲದಲ್ಲಿ ಮರ ಬಿದ್ದರೆ, ಮಣ್ಣು ಕುಸಿದರೆ ಆ ದಿನದ ಗಾಡಿಯೇ ಇಲ್ಲ. ಟ್ಯೂಬನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಟ್ಟರೂ 72 ಗಂಟೆಯೊಳಗೆ ಪರೀಕ್ಷೆ ಆಗಬೇಕು. ಐಸ್ ಪ್ಯಾಕ್ ಕರಗಿ ವೈರಸ್ಸಿನ ಆರ್‌ಎನ್‌ಎ (ಪಿಸಿಆರ್ ಹುಡುಕುವ ಅದರ ವಂಶವಾಹಿ ವಸ್ತು) ಹಾಳಾದರೆ ಎಂಥ ಯಂತ್ರವೂ ನೆಗೆಟಿವ್ ಅಂತಲೇ ಹೇಳುತ್ತದೆ. ಪಿಸಿಆರ್ ಬಲು ಸೂಕ್ಷ್ಮ ಎನ್ನುವವರು ಲ್ಯಾಬ್ ಬಾಗಿಲಿನಿಂದ ಒಳಗಿನ ಲೆಕ್ಕ ಕೊಡುತ್ತಾರೆ, ದಾರಿಯ ಲೆಕ್ಕ ಕೊಡುವುದಿಲ್ಲ.

ಕಾಫಿ ಕೊಯ್ಲಿನ ಹೊತ್ತಿಗೆ ತೋಟದ ಕೂಲಿಗಳ ಲೈನ್ ಮನೆಯ ಒಂದು ಕೋಣೆಯಲ್ಲಿ ಐದಾರು ಜನ ಮಲಗುತ್ತಾರೆ. ಒಬ್ಬನ ವರದಿ ಮೂರನೇ ದಿನ ಬರುವಷ್ಟರಲ್ಲಿ ಉಳಿದವರೂ ಕೆಮ್ಮುತ್ತಿರುತ್ತಾರೆ. ಕಿಟ್ 15 ನಿಮಿಷದಲ್ಲಿ ಹೇಳುತ್ತದೆ. ಅದು ಹಿಡಿಯುವುದು ವೈರಸ್ಸಿನ ಪ್ರೋಟೀನನ್ನು. ಪ್ರೋಟೀನ್ ಜಾಸ್ತಿ ಇರುವುದು ರೋಗ ಜೋರಾಗಿ ಹರಡುವ ದಿನಗಳಲ್ಲೇ. ಪಿಸಿಆರ್ ಆದರೋ ಗುಣವಾದ ಮೇಲೂ ವಾರಗಟ್ಟಲೆ ಉಳಿದ ಆರ್‌ಎನ್‌ಎ ಚೂರು ಹಿಡಿದು ಪಾಸಿಟಿವ್ ಎನ್ನಬಹುದು. ದಿನಗೂಲಿಯವನಿಗೆ ಆ ಸೂಕ್ಷ್ಮತೆಯಿಂದ ಆಗುವುದು ಕೂಲಿ ನಷ್ಟ. ಫ್ಲೂ ಮಾತ್ರೆ ಒಸೆಲ್ಟಾಮಿವಿರ್ ಕೂಡ 48 ಗಂಟೆಯೊಳಗೆ ಶುರುವಾದರೇ ಹೆಚ್ಚು ಉಪಯೋಗ.

ವಿರೋಧ: ಸಾಲದು

ಲಕ್ಷಣವಿದ್ದು ಪಾಸಿಟಿವ್ ಬಂದರೆ ತಕರಾರಿಲ್ಲ. ತಕರಾರು ನೆಗೆಟಿವ್ ಬಗ್ಗೆ. 2020ರ ಜೂನ್‌ನಲ್ಲಿ ಕೋವಿಡ್ ಆ್ಯಂಟಿಜೆನ್ ಕಿಟ್‌ಗೆ (ವೈರಸ್ಸಿನ ಪ್ರೋಟೀನ್ ಹಿಡಿಯುವ ಇದೇ ರ್‍ಯಾಪಿಡ್ ಕಿಟ್) ಒಪ್ಪಿಗೆ ಕೊಟ್ಟ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ), ಸೋಂಕಿತರಲ್ಲಿ ಅದು ಹಿಡಿಯುವುದು ಶೇ 50.6ರಿಂದ 84ರಷ್ಟು ಮಂದಿಯನ್ನು ಎಂದು ತಾನೇ ಹೇಳಿತ್ತು. ಕಡಿಮೆ ಲೆಕ್ಕ ಹಿಡಿದರೆ ಇಬ್ಬರಲ್ಲಿ ಒಬ್ಬ ತಪ್ಪಿಸಿಕೊಂಡ. ಶಂಕಿತರಿಗೆ ನೆಗೆಟಿವ್ ಬಂದರೆ ಆರ್‌ಟಿ-ಪಿಸಿಆರ್ ಮಾಡಲೇಬೇಕು ಎಂಬ ಮಾತೂ ಅದೇ ಸೂಚನೆಯಲ್ಲಿತ್ತು.

ಇನ್ನು ಸ್ವಾಬ್. ರೋಗಿ ಮುಖ ತಿರುಗಿಸಿದ, ಕಡ್ಡಿ ಹೊಳ್ಳೆಯ ತುದಿಗಷ್ಟೇ ತಾಗಿತು ಅನ್ನಿ. ಎರಡು ಪರೀಕ್ಷೆಯೂ ಸೋಲುತ್ತವೆ. ಆದರೆ ಸೋತದ್ದು ಗೊತ್ತಾಗುವುದು ಒಂದರಲ್ಲಿ ಮಾತ್ರ. ಪಿಸಿಆರ್‌ನಲ್ಲಿ ವೈರಸ್ಸಿನ ಜೊತೆಗೆ ಮನುಷ್ಯನದೇ ಒಂದು ಜೀನನ್ನೂ, ಸಾಮಾನ್ಯವಾಗಿ ಆರ್‌ನೇಸ್ ಪಿಯನ್ನು, ಹುಡುಕುತ್ತಾರೆ. ಅದೂ ಸಿಗದಿದ್ದರೆ ಸ್ಯಾಂಪಲ್ಲೇ ಸರಿಯಿಲ್ಲ, ಇನ್ನೊಮ್ಮೆ ಕಳಿಸಿ ಎನ್ನುತ್ತಾರೆ. ಕಿಟ್‌ನ ‘ಸಿ’ ಗೆರೆ (ಕಂಟ್ರೋಲ್ ಗೆರೆ) ಹೇಳುವುದು ದ್ರವ ಪಟ್ಟಿಯ ಮೇಲೆ ಹರಿಯಿತು ಎಂದಷ್ಟೇ. ಮೂಗಿಗೆ ತಾಗದ ಕಡ್ಡಿ ಅದ್ದಿದರೂ ಆ ಗೆರೆ ಮೂಡುತ್ತದೆ, ಕಾಗದದಲ್ಲಿ ‘ನೆಗೆಟಿವ್’ ಎಂದು ಬೀಳುತ್ತದೆ. ನನಗೆ ಕಿಟ್ ಬಗ್ಗೆ ದೊಡ್ಡ ಅಂಜಿಕೆ ಇದೇ. ಒಪಿಡಿ ಗದ್ದಲದಲ್ಲಿ ಹತ್ತು ಕಿಟ್ ಸಾಲಾಗಿಟ್ಟು, ಅರ್ಧ ಗಂಟೆ ಮೀರಿ ಬಂದು ನೋಡಿದರೆ ಒಣಗಿದ ಪಟ್ಟಿಯಲ್ಲಿ ಇಲ್ಲದ ಗೆರೆಯೂ ಕಾಣುವುದುಂಟು.

ಪಿಸಿಆರ್ ತಪ್ಪುವುದಿಲ್ಲವೇ? ತಪ್ಪುತ್ತದೆ. ಟ್ಯೂಬಿನ ಲೇಬಲ್ ಅದಲುಬದಲಾಗುತ್ತದೆ, ಒಂದು ಸ್ಯಾಂಪಲ್ಲಿನ ಹನಿ ಇನ್ನೊಂದಕ್ಕೆ ಹಾರುತ್ತದೆ. ಅದಕ್ಕೇ ಪ್ರತಿ ಸರದಿಯಲ್ಲೂ ವೈರಸ್ಸಿಲ್ಲದ ಟ್ಯೂಬೊಂದನ್ನು ಓಡಿಸುವುದು. ಅದು ಪಾಸಿಟಿವ್ ಬಂದರೆ ಆ ಸರದಿಯನ್ನೇ ನಂಬುವಂತಿಲ್ಲ. ಕೋವಿಡ್ ವೈರಸ್ಸಿನ ಆಲ್ಫಾ, ಒಮೈಕ್ರಾನ್ ರೂಪಾಂತರಗಳು ಬಂದಾಗ ಕೆಲವು ಪರೀಕ್ಷೆಗಳಿಗೆ ಅದರ ಎಸ್ ಎಂಬ ಜೀನ್ ಸಿಗದೇ ಹೋಯಿತು, ಉಳಿದ ಜೀನ್‌ಗಳಿಂದ ವೈರಸ್ ಸಿಕ್ಕಿತು.

2023ರ ಮಾರ್ಚ್‌ನಲ್ಲಿ ಎಚ್3ಎನ್2 ಎಂಬ ಫ್ಲೂಗೆ ರಾಜ್ಯದ ಮೊದಲ ಸಾವು ವರದಿಯಾದದ್ದು ನಮ್ಮ ಪಕ್ಕದ ಹಾಸನ ಜಿಲ್ಲೆಯಿಂದ. ಕೋವಿಡ್ ಕಿಟ್‌ಗೆ ಎಚ್3ಎನ್2 ಬಂದವನೂ ನೆಗೆಟಿವ್, ಆರ್‌ಎಸ್‌ವಿ (ಉಸಿರಾಟದ ಇನ್ನೊಂದು ವೈರಸ್) ಬಂದ ಕೂಸೂ ನೆಗೆಟಿವ್. ಮನೆಯವರು ಮಾತ್ರ ‘ಏನೂ ಇಲ್ಲವಂತೆ’ ಎಂದುಕೊಂಡು ಹೊರಡುತ್ತಾರೆ.

ಮಾತ್ರೆಯ ವಾದವೂ ನಿಲ್ಲುವುದಿಲ್ಲ: ಫ್ಲೂ ಅನುಮಾನವಿದ್ದು ಉಸಿರಾಟ ಕಷ್ಟವಾದವರಿಗೆ ವೈದ್ಯರು ವರದಿಗೆ ಕಾಯದೆ ಶುರುಮಾಡಬಹುದು. ದಾರಿಯದ್ದೇ ಚಿಂತೆಯಾದರೆ, ಕ್ಷಯ ಪರೀಕ್ಷೆಗೆಂದು ಎಷ್ಟೋ ತಾಲ್ಲೂಕು ಆಸ್ಪತ್ರೆಗಳಿಗೆ ಬಂದ ಟ್ರೂನ್ಯಾಟ್ ಎಂಬ ಪುಟ್ಟ ಪಿಸಿಆರ್ ಯಂತ್ರವಿದೆ. 2020ರಲ್ಲಿ ಕೋವಿಡ್ ಪರೀಕ್ಷೆಯನ್ನೂ ಅದರಲ್ಲೇ ಮಾಡಿದರು. ಬ್ಯಾಟರಿಯಲ್ಲೂ ಓಡುತ್ತದೆ. ಬೇಕಾದದ್ದು ಆ ಯಂತ್ರಕ್ಕೆ ಹಾಕುವ ಪರೀಕ್ಷಾ ಚಿಪ್‌ಗಳ ದಾಸ್ತಾನು, ಕಡ್ಡಿಯನ್ನು ಸರಿಯಾಗಿ ಹಾಕಬಲ್ಲ ಕೈ.