ಆ ಕಪ್ಪು ಚೌಕ ಮೂಲೆಯಲ್ಲಿತ್ತು

"ಇದನ್ನು ನನ್ನ ಮಗನೂ ಬರೀತಾನೆ ಬಿಡಿ." ಕಲಾವಿದ ಮಲೇವಿಚ್‌ನ ಕಪ್ಪು ಚೌಕದ ಚಿತ್ರವನ್ನು ತೋರಿಸಿದಾಗಲೆಲ್ಲ ಯಾರಾದರೊಬ್ಬರು ಹೀಗೆ ಅಂದೇ ಅನ್ನುತ್ತಾರೆ. ಪ್ರತಿ ಸಲವೂ ನನಗೆ ಬೇಜಾರಾಗುತ್ತದೆ. ಬಿಳಿ ಅಂಚು, ನಡುವೆ ಬರೀ ಕಪ್ಪು, ಕಾಣುವುದು ಅಷ್ಟೇ, ನಿಜ. ಆದರೆ ಅದನ್ನು ಮೊದಲು ಎಲ್ಲಿ ತೂಗುಹಾಕಿದ್ದರು ಅಂತ ಒಮ್ಮೆ ಕೇಳಿ.

1915ರ ಡಿಸೆಂಬರ್. ಪೆಟ್ರೋಗ್ರಾಡ್, ಅಂದರೆ ಇವತ್ತಿನ ಸೇಂಟ್ ಪೀಟರ್ಸ್‌ಬರ್ಗ್. ಮೊದಲ ಮಹಾಯುದ್ಧ ನಡೆಯುತ್ತಿದೆ. ‘0,10’ ಅನ್ನುವ ಪ್ರದರ್ಶನದಲ್ಲಿ ಕಾಜಿಮಿರ್ ಮಲೇವಿಚ್ ಗೋಡೆ ತುಂಬ ಚಿತ್ರ ಹಾಕಿದ. ಬರೀ ಆಕಾರ, ಬರೀ ಬಣ್ಣ. ಮನುಷ್ಯರಿಲ್ಲ, ಮರವಿಲ್ಲ. ಕಪ್ಪು ಚೌಕವನ್ನು ಆ ಸಾಲಿಗೆ ಸೇರಿಸಲಿಲ್ಲ. ಎರಡು ಗೋಡೆ ಕೂಡುವ ಮೂಲೆಯಲ್ಲಿ, ಚಾವಣಿಯ ಹತ್ತಿರ, ಎತ್ತರಕ್ಕೆ ಹಾಕಿದ.

ರಷ್ಯಾದ ಹಳೆಯ ಮನೆಗಳಲ್ಲಿ ಆ ಮೂಲೆ ದೇವರದು. ಏಸು, ಮೇರಿಯ ಪಟ ಇಡುವ ಜಾಗ. ಒಳಗೆ ಬಂದವರು ಮೊದಲು ಅತ್ತ ತಿರುಗಿ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು. ವಿಮರ್ಶಕ ಅಲೆಕ್ಸಾಂಡರ್ ಬೆನುವಾಗೆ ವಿಷಯ ತಕ್ಷಣ ಅರ್ಥವಾಯಿತು. ಮೇರಿ ಮಾತೆಯ ಜಾಗದಲ್ಲಿ ಇದನ್ನು ಕೂರಿಸುತ್ತಿದ್ದಾರೆ ಅಂತ ಸಿಟ್ಟಾದ. ಅವನ ಸಿಟ್ಟನ್ನು ನಾನು ಗೌರವಿಸುತ್ತೇನೆ. ಅವನು ಆ ಚಿತ್ರವನ್ನು ಸರಿಯಾಗಿ ನೋಡಿದ್ದ.

ಇಂಥ ಹೊಸ ಕಲೆಯವರು ಹಳೆಯ ಪರಂಪರೆ ಗೊತ್ತಿಲ್ಲದೆ ಅದನ್ನು ಸುಮ್ನೆ ಒದ್ದರು ಅನ್ನೋ ಮಾತನ್ನು ನಾನು ಒಪ್ಪುವುದಿಲ್ಲ. ಪರಂಪರೆಯ ಪರಿವೆಯೇ ಇಲ್ಲದವನಿಗೆ ಯಾವ ಗೋಡೆಯಾದರೂ ಸಾಕಿತ್ತು, ಅಲ್ವಾ? ಮಲೇವಿಚ್ ಹುಟ್ಟಿದ್ದು ಕೀವ್‌ನಲ್ಲಿ. ಅಪ್ಪನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಹಾಗಾಗಿ ಉಕ್ರೇನಿನ ಹಳ್ಳಿಗಳಲ್ಲಿ ಬೆಳೆದ. ರೈತರು ತಮ್ಮ ಮನೆಯ ಗೋಡೆ, ಒಲೆಗಳ ಮೇಲೆ ಚಿತ್ತಾರ ಬರೆಯುವುದನ್ನು ನೋಡುತ್ತ ಕಲಿತವನು. ಆ ಮೂಲೆಯ ತೂಕ ಅವನಿಗೆ ಗೊತ್ತಿತ್ತು.

ಮೂಲ ಚಿತ್ರ ಈಗ ಮಾಸ್ಕೋದ ಟ್ರೆಟ್ಯಾಕೋವ್ ಗ್ಯಾಲರಿಯಲ್ಲಿದೆ. ಸುಮಾರು 80 ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರ. ಕಪ್ಪಿನ ತುಂಬ ಬಿರುಕು. ಆ ಬಿರುಕುಗಳ ಸಂದಿಯಲ್ಲಿ ಬೇರೆ ಬಣ್ಣ ಇಣುಕುತ್ತದೆ. ಎಕ್ಸ್‌ರೇ ಹಿಡಿದು ನೋಡಿದರೆ ಅಡಿಯಲ್ಲಿ ಬಣ್ಣಬಣ್ಣದ ಹಳೆಯ ಚಿತ್ರಗಳು. ಅವುಗಳ ಮೇಲೆಯೇ ಕಪ್ಪು ಬಳಿದಿದ್ದ.

ಮುಂದೆ ಸ್ಟಾಲಿನ್ ಕಾಲ ಬಂತು. ಇಂಥ ಕಲೆಗೆ ಅಲ್ಲಿ ಜಾಗವಿರಲಿಲ್ಲ. 1930ರಲ್ಲಿ ಅವನನ್ನು ಹಿಡಿದು ಜೈಲಿಗೂ ಹಾಕಿದರು. ಆಮೇಲೆ ಮತ್ತೆ ಮನುಷ್ಯರನ್ನು ಬರೆದ. 1933ರಲ್ಲಿ ತನ್ನದೇ ಮುಖ ಬರೆದು, ಕೆಳಗಿನ ಮೂಲೆಯಲ್ಲಿ ಸಹಿಯ ಬದಲು ಪುಟ್ಟದೊಂದು ಕಪ್ಪು ಚೌಕ ಹಾಕಿದ.

1935ರಲ್ಲಿ ತೀರಿಕೊಂಡ. ಮನೆಯಲ್ಲಿ ಮಲಗಿಸಿದ್ದ ದೇಹದ ಫೋಟೋ ಉಳಿದಿದೆ. ತಲೆಯ ಮೇಲಿನ ಗೋಡೆಯಲ್ಲಿ ಅದೇ ಚೌಕವಿದೆ.